16ಕ್ಕೆ ಅಪ್ಪನ ಸಹಿ, 19ಕ್ಕೂ ಅಮ್ಮನ ಭಯ

ಬೆಂಗಳೂರಲ್ಲಿ 18 ತುಂಬದ ಮಕ್ಕಳು ರಕ್ತ ಕೊಡುವಂತಿಲ್ಲ. ಅಪ್ಪ ಅಮ್ಮ ಇಬ್ಬರೂ ಛಾಪಾ ಕಾಗದದ ಮೇಲೆ ಬರೆದುಕೊಟ್ಟರೂ ಇಲ್ಲ. ನಾನಿರುವ ಅಮೆರಿಕದ ಒಹಾಯೋದಲ್ಲಿ 17 ಆದವರು ಯಾರನ್ನೂ ಕೇಳಬೇಕಿಲ್ಲ, 16 ಆದವರಿಗೆ ಮನೆಯವರ ಸಹಿ ಬೇಕು. ಇದನ್ನು ಊರಲ್ಲಿ ಹೇಳಿದರೆ "ನೋಡಿ, ಅಲ್ಲಿನ ಮಕ್ಕಳು ಎಷ್ಟು ಮುಂದಿದ್ದಾರೆ" ಅನ್ನುವವರು ಕೆಲವರು, "ಅಯ್ಯೋ, ಎಳೇ ಮಕ್ಕಳ ರಕ್ತ ತೆಗೀತಾರಾ?" ಅನ್ನುವವರು ಮಿಕ್ಕವರು. ನನಗೆ ಎರಡೂ ಒಪ್ಪಿಗೆಯಿಲ್ಲ.

ಮಗಳ ಹೈಸ್ಕೂಲಿನಲ್ಲಿ ಶಿಬಿರ ಇಟ್ಟಾಗ ಆ ಅನುಮತಿ ಪತ್ರ ಮನೆಗೆ ಬಂತು. ರಕ್ತದಾನ ಮಹಾದಾನ ಎಂಬ ಥರದ ಘೋಷಣೆ ಏನೂ ಇರಲಿಲ್ಲ. ತಲೆ ಸುತ್ತಬಹುದು, ಸೂಜಿ ಚುಚ್ಚಿದ ಕಡೆ ನೀಲಿಗಟ್ಟಬಹುದು, ಮೈಯಲ್ಲಿ ಕಬ್ಬಿಣದ ಅಂಶ ಇಳಿಯಬಹುದು, ಕೊಟ್ಟ ರಕ್ತಕ್ಕೆ ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆ ಮಾಡುತ್ತೇವೆ ಅಂತ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರು. ಕನಿಷ್ಠ ತೂಕ ಸುಮಾರು 50 ಕೆಜಿ. ಆದರೆ 18 ಮತ್ತು ಅದಕ್ಕಿಂತ ಚಿಕ್ಕವರಿಗೆ ಎತ್ತರ ತೂಕದ ಬೇರೆ ಪಟ್ಟಿಯೇ ಇದೆ. ಕುಳ್ಳಗಿರುವ ಹುಡುಗಿಯರ ತೂಕ ಇನ್ನೂ ಹೆಚ್ಚಿರಬೇಕು, ಯಾಕೆಂದರೆ ಅವರ ಮೈಯಲ್ಲಿರುವ ಒಟ್ಟು ರಕ್ತವೇ ಕಡಿಮೆ. ಮಗಳು ಎರಡು ಸಲ ತಕ್ಕಡಿ ಹತ್ತಿ ಇಳಿದಳು. ನನ್ನ ಹೆಂಡತಿ ಅವಳ ಮುಟ್ಟಿನ ವಿಷಯ ಎತ್ತಿದಳು, ಸುಸ್ತಾಗುತ್ತಾ ಅಂತ ವಿಚಾರಿಸಿದಳು, ಕಬ್ಬಿಣದ ಮಾತ್ರೆ ಬೇಕಾ ಅಂತ ಡಾಕ್ಟರನ್ನು ಕೇಳಿದಳು. ಊಟದ ಟೇಬಲ್ಲಿನ ಮೇಲೆ ಇಷ್ಟೆಲ್ಲ ಮಾತಾದ ಮೇಲೆ ನಾನು ಸಹಿ ಹಾಕಿದೆ. ಸಹಿಗಿಂತ ಈ ಮಾತುಕತೆಯೇ ದೊಡ್ಡದು ಅನ್ನೋದು ನನ್ನ ಅನಿಸಿಕೆ.

(ಹೊರನಾಡಿನವರ ಒಂದು ಫಜೀತಿ ಇಲ್ಲೇ ಹೇಳಿಬಿಡುತ್ತೇನೆ. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಬಂದು ಹೋದ ಮಕ್ಕಳು ವಾಪಸ್ಸಾದ ಮೇಲೆ ಮೂರು ತಿಂಗಳು ಅಮೆರಿಕದಲ್ಲಿ ರಕ್ತ ಕೊಡುವಂತಿಲ್ಲ. ಅಲ್ಲಿಯವರ ಮಲೇರಿಯಾ ಇರುವ ಜಾಗಗಳ ಲೆಕ್ಕದಲ್ಲಿ ಭಾರತ ಹೆಚ್ಚುಕಡಿಮೆ ಪೂರ್ತಿ ಬರುತ್ತದೆ, ಬಸವನಗುಡಿಗೂ ವಿನಾಯಿತಿ ಇಲ್ಲ.)

ಈಗ ಜಯನಗರಕ್ಕೆ ಬನ್ನಿ. ನನ್ನ ಅಕ್ಕನ ಮಗನಿಗೆ 19, ಡಿಗ್ರಿ ಓದುತ್ತಿದ್ದಾನೆ. ಕಾಲೇಜಿನ ಎನ್‌ಎಸ್‌ಎಸ್ ಶಿಬಿರದಲ್ಲಿ ರಕ್ತ ಕೊಟ್ಟು, ಮನೆಗೆ ಬರುವಾಗ ಬಿಸಿಲಲ್ಲಿ ತುಂಬುತೋಳಿನ ಶರ್ಟು ಹಾಕಿಕೊಂಡು ಬಂದ. ಬ್ಯಾಗಿನಲ್ಲಿದ್ದ ಸರ್ಟಿಫಿಕೇಟು ಅಕ್ಕನ ಕೈಗೆ ಸಿಕ್ಕಿತು. ಫೋನಿನಲ್ಲಿ ನನ್ನ ಮೇಲೇ ಹಾರಾಡಿದಳು. "ಮೊದಲೇ ಕಡ್ಡಿ ಥರ ಇದಾನೆ ಕಣೋ, ಪರೀಕ್ಷೆ ಬೇರೆ ಹತ್ರ ಬಂತು. ಯಾರನ್ನ ಕೇಳಿ ಕೊಟ್ಟ?" ಯಾರನ್ನೂ ಕೇಳಬೇಕಿಲ್ಲ ಅಂತ ಕಾನೂನು ಹೇಳಿದೆ. "ನಿನ್ನ ಕಾನೂನು ನೀನೇ ಇಟ್ಕೋ" ಅಂದಳು. ಇದೇ ಅಕ್ಕ, ಅತ್ತೆಯವರ ಸೊಂಟದ ಆಪರೇಷನ್ನಿಗೆ ಎರಡು ಯೂನಿಟ್ ಹೊಂದಿಸಿ ಅಂತ ಆಸ್ಪತ್ರೆಯವರು ಅಂದಾಗ, ವಾಟ್ಸಾಪಿನಲ್ಲಿ ಇದ್ದಬದ್ದ ಗ್ರೂಪಿಗೆಲ್ಲ "ಬಿ ಪಾಸಿಟಿವ್, ಅರ್ಜೆಂಟ್" ಅಂತ ಹಾಕಿದ್ದಳು. ರಕ್ತ ಕೊಡಲು ಬಂದವರು ಯಾರದೋ ಮನೆ ಮಕ್ಕಳೇ.

ಇದು ನಮ್ಮ ಅಕ್ಕ ಒಬ್ಬಳ ಕಥೆಯಲ್ಲ. ದುಡ್ಡಿಗೆ ರಕ್ತ ಮಾರುವುದು ಸುಪ್ರೀಂ ಕೋರ್ಟಿನ 1996ರ ತೀರ್ಪಿನಿಂದಾಗಿ 1998ರಿಂದ ನಿಂತಿತು. ರೋಗಿಯ ಕಡೆಯವರಿಂದ ಬದಲಿ ರಕ್ತ ಕೇಳುವ ಅಭ್ಯಾಸ ಕಡಿಮೆಯಾಗಬೇಕು ಅಂತ 2002ರ ರಾಷ್ಟ್ರೀಯ ರಕ್ತ ನೀತಿ ಹೇಳಿತು. ಆದರೂ "ಡೋನರ್ ಕರ್ಕೊಂಡು ಬನ್ನಿ" ಅನ್ನುವ ಮಾತು ಹೋಗಿಲ್ಲ. ಹಾಗಾಗಿ ಮನೆಯಲ್ಲಿ ಯಾರೋ ಮಲಗಿದಾಗ ಮಾತ್ರ ನಮಗೆ ರಕ್ತದ ನೆನಪು. ಅಕ್ಟೋಬರ್ 1ರ ರಕ್ತದಾನ ದಿನ, ಮಾರ್ಚ್ 17ರ ಅಪ್ಪು ಹುಟ್ಟುಹಬ್ಬ, ಯಾವುದೋ ಶಾಸಕರ ಜನ್ಮದಿನ ಅಂತ ಶಿಬಿರಗಳೇನೋ ಜೋರಾಗಿಯೇ ನಡೆಯುತ್ತವೆ. ಆದರೆ ರಕ್ತ ಕೂಡಿಟ್ಟರೆ ಉಳಿಯುವುದು 35ರಿಂದ 42 ದಿನ, ಪ್ಲೇಟ್‌ಲೆಟ್ ಆದರೆ ಐದೇ ದಿನ. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜಿಗೆ ರಜೆ ಬಿದ್ದರೆ ರಕ್ತ ಕೇಂದ್ರಗಳ ಫ್ರಿಜ್ಜು ಬರಿದಾಗುತ್ತದೆ. ಎರಡು ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಬೇಕಾದ ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯ ಮಕ್ಕಳಿಗೆ ರಜೆ ಎಲ್ಲಿಯದು?

ಹಾಗಾದರೆ ಇಲ್ಲೂ 16ಕ್ಕೇ ಇಳಿಸೋಣವಾ? ಬೇಡ ಅಂತಲೇ ನನ್ನ ಮತ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19ರ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ, ಹುಡುಗರಲ್ಲಿ ಶೇ. 31. ಅವರ ಮೈಗೇ ಸಾಲದ್ದನ್ನು ಎಲ್ಲಿಂದ ತೆಗೆಯುವುದು? ಅಮೆರಿಕದಲ್ಲೂ ಎಲ್ಲ ಸುಸೂತ್ರವಾಗಿಲ್ಲ. 2008ರಲ್ಲಿ ಪ್ರಕಟವಾದ ಅಲ್ಲಿನ ರೆಡ್ ಕ್ರಾಸ್ ಅಧ್ಯಯನದಲ್ಲಿ, ತಲೆಸುತ್ತಿನಂಥ ತೊಂದರೆ ಆದದ್ದು 16, 17ರ ಮಕ್ಕಳಲ್ಲಿ ಶೇ. 10.7ರಷ್ಟು, 20 ದಾಟಿದವರಲ್ಲಿ ಬರೀ ಶೇ. 2.8. ಅಲ್ಲಿ 56 ದಿನಕ್ಕೊಮ್ಮೆ ಕೊಡಬಹುದು, ನಮ್ಮಲ್ಲಿ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನದ ಅಂತರ. ಈ ವಿಷಯದಲ್ಲಿ ನಮ್ಮ ನಿಯಮವೇ ಹೆಚ್ಚು ಕರುಣೆಯುಳ್ಳದ್ದು.

ವಯಸ್ಸು ಅಲ್ಲೇ ಇರಲಿ, ಮಗಳ ಶಾಲೆಯಿಂದ ಬಂದಂಥ ಕಾಗದ ಮಾತ್ರ ಬೇಗ ಬರಲಿ. ಸೆಕೆಂಡ್ ಪಿಯುಸಿಯಲ್ಲಿರುವಾಗಲೇ ಕಾಲೇಜಿನವರು ಮನೆಯವರನ್ನು ಕೇಳಿ ಮಕ್ಕಳ ಬ್ಲಡ್ ಗ್ರೂಪು, ಹಿಮೋಗ್ಲೋಬಿನ್ ನೋಡಿಸಿ, ಫಲಿತಾಂಶವನ್ನು ಮನೆಗೆ ಕಳಿಸಲಿ. ಜೊತೆಗೊಂದು ಪತ್ರ: 18 ತುಂಬಿ, 45 ಕೆಜಿ ತೂಕ, 12.5 ಹಿಮೋಗ್ಲೋಬಿನ್ ಇದ್ದು ಆರೋಗ್ಯವಾಗಿದ್ದರೆ ನಿಮ್ಮ ಮಗ, ಮಗಳು 350 ಮಿ.ಲೀ. ರಕ್ತ ಕೊಡಬಹುದು, ಏನೇನಾಗಬಹುದು, ಏನು ಆಗಲ್ಲ ಅಂತ. ಸರ್ಕಾರಿ ಶಾಲೆಯ ಮಕ್ಕಳಿಗಾದರೂ ವಾರಕ್ಕೊಂದು ನೀಲಿ ಕಬ್ಬಿಣದ ಮಾತ್ರೆಯ ಯೋಜನೆ ಇದೆ. ಲಕ್ಷಗಟ್ಟಲೆ ಫೀಸು ಕಟ್ಟಿ ಸಿಇಟಿ, ನೀಟ್ ಅಂತ ಬೆಳಗಿನ ಜಾವ ಎದ್ದು ಓಡುವ ಹುಡುಗಿಯ ಹಿಮೋಗ್ಲೋಬಿನ್ ಎಷ್ಟು ಅಂತ ಎಷ್ಟು ಮನೆಗಳಲ್ಲಿ ಗೊತ್ತು? ಆಗ ಹತ್ತು ಇದ್ದರೆ ಹನ್ನೆರಡೂವರೆಗೆ ಏರಿಸಲು ಟೈಮಾದರೂ ಸಿಗುತ್ತದೆ.

ಇನ್ನೊಂದು, ಕೊಡಬೇಡ ಅನ್ನುವ ಅಪ್ಪ ಅಮ್ಮಂದಿರಲ್ಲಿ ಒಮ್ಮೆಯಾದರೂ ತಾವೇ ಕೊಟ್ಟವರನ್ನು ನಾನು ಕಂಡದ್ದು ಕಡಿಮೆ. ಗೊತ್ತಿಲ್ಲದ್ದಕ್ಕೇ ಹೆದರಿಕೆ ಜಾಸ್ತಿ. ಅಕ್ಕನಿಗೆ ಈಗ 52. ಮೊದಲ ಸಲ ಕೊಡುವವರಿಗೆ 60ರವರೆಗೂ ಅವಕಾಶ ಇದೆ, ಮಗನ ಜೊತೆಗೇ ಹೋಗು ಅಂತ ಹೇಳಿದ್ದೇನೆ. "ನೋಡೋಣ, ಬಿಪಿ ಚೆಕ್ ಮಾಡಿಸ್ತೀನಿ ಮೊದ್ಲು" ಅಂದಿದ್ದಾಳೆ.