ಊರ ಕೆರೆಗೆ ಬೇಲಿ

ಅಮ್ಮನ ವಿಷಯ ನಿಮಗೆಲ್ಲ ಗೊತ್ತೇ ಇದೆ. ಕಪ್ಪು ಬಿಳುಪು ಸಿನಿಮಾ ಕಂಡರೆ ಮಂಡಿನೋವೂ ಮರೆತುಹೋಗುತ್ತದೆ. ನಿನ್ನೆ ಅವರಿಗೋಸ್ಕರ 1961ರ ‘ಕಿತ್ತೂರು ಚೆನ್ನಮ್ಮ’ದ ಎರಡೇ ನಿಮಿಷದ ತುಣುಕು ಇಲ್ಲಿ ಹಾಕಿದ್ದೆ. ಅರ್ಧ ಗಂಟೆಯಲ್ಲಿ ಮಾಯ! ಯಾವುದೋ ಚಾನೆಲ್‌ನವರು ‘ಇದರ ಹಕ್ಕು ನಮ್ಮದು’ ಅಂದರಂತೆ.

ಯಾವ ಹಕ್ಕು ಸ್ವಾಮಿ? ನಮ್ಮ ಕಾನೂನಿನಲ್ಲಿ ಸಿನಿಮಾದ ಕಾಪಿರೈಟ್‌ಗೆ 60 ವರ್ಷ ಆಯಸ್ಸು. ಬಿಡುಗಡೆಯಾದ ಮರುವರ್ಷದ ಜನವರಿಯಿಂದ ಲೆಕ್ಕ. ಬೆರಳು ಮಡಚಿ ಎಣಿಸಿ, 2021ರ ಡಿಸೆಂಬರ್ 31ಕ್ಕೆ ಮುಗಿಯಿತು. ಆಮೇಲೆ ಅದು ನಿಮ್ಮದೂ ಹೌದು, ನನ್ನದೂ ಹೌದು. ಟೆಂಟಿನಲ್ಲಿ ಮರಳ ಮೇಲೆ ಕೂತು ನೋಡಿದ ಅಮ್ಮನದಂತೂ ಹೌದೇ ಹೌದು.

ಈ ಚಾನೆಲ್‌ನವರು ಮಾಡಿದ್ದಾದರೂ ಏನು? ಚೌಕದ ಚಿತ್ರವನ್ನು ಅಗಲಕ್ಕೆ ಎಳೆದು ಸರೋಜಾದೇವಿಯವರ ಮುಖವನ್ನು ಚಪಾತಿ ಥರ ಲಟ್ಟಿಸಿದ್ದಾರೆ. ಮೇಲೊಂದು ಅಂಗೈಯಗಲದ ಲೋಗೋ. ಅಷ್ಟಕ್ಕೇ ಊರ ಕೆರೆಗೆ ಬೇಲಿ ಹಾಕಿ ಕೊಡಕ್ಕಿಷ್ಟು ಅಂತ ವಸೂಲಿ!

‘ಹಾಡು, ಸಂಭಾಷಣೆಯ ಲೆಕ್ಕ ಬೇರೆ ಕಣಯ್ಯ, ಬರೆದವರು ಹೋದ ಮೇಲೂ 60 ವರ್ಷ ಹಕ್ಕಿರುತ್ತೆ’ ಅಂದರು ವಕೀಲ ಭಾವ. ಸರಿ, ಒಪ್ಪಿದೆ. ನಾನು ಹಾಕಿದ್ದರಲ್ಲಿ ಹಾಡೂ ಇಲ್ಲ, ಮಾತೂ ಇಲ್ಲ, ಬರೀ ಕತ್ತಿ ಕಾಳಗ. ಇದ್ದರೂ ಆ ಹಕ್ಕು ಈ ಚಾನೆಲ್‌ನವರಿಗೆ ಯಾವಾಗ ಬಂತು? ಭಾವ ಕಾಫಿ ಕುಡಿದು ಎದ್ದರು.

ಅಮೆರಿಕದ ಕಥೆ ಕೇಳಿ. ‘ಇಟ್ಸ್ ಎ ವಂಡರ್‌ಫುಲ್ ಲೈಫ್’ 1946ರಲ್ಲಿ ಬಂದಾಗ ಹಾಕಿದ ದುಡ್ಡೂ ಹುಟ್ಟಲಿಲ್ಲ. ಅಲ್ಲಿ ಆಗ 28 ವರ್ಷಕ್ಕೆ ಹಕ್ಕು ನವೀಕರಿಸಬೇಕಿತ್ತು. 1974ರಲ್ಲಿ ಯಾರೂ ಆ ಕೆಲಸ ಮಾಡಲಿಲ್ಲ. ಟಿವಿಯವರಿಗೆ ಬಿಟ್ಟಿ ಸಿನಿಮಾ! ಕ್ರಿಸ್‌ಮಸ್ ಬಂದರೆ ಸಾಕು, ಹಾಕಿದ್ದೇ ಹಾಕಿದ್ದು. ಹಾಗೇ ಮನೆಮಾತಾಯಿತು. ದುಡ್ಡು ಹುಟ್ಟುತ್ತೆ ಅಂತ ಗೊತ್ತಾದ ಮೇಲೆ, 1993ರಲ್ಲಿ, ರಿಪಬ್ಲಿಕ್ ಪಿಕ್ಚರ್ಸ್‌ನವರು ಕಥೆ, ಸಂಗೀತದ ಹಕ್ಕು ಹಿಡಿದು ಮತ್ತೆ ಬೇಲಿ ಹಾಕಿದರು. ಎಲ್ಲ ಕಡೆ ಇದೇ, ಅಲ್ವಾ?

ಒಂದು ನಿಜ ಹೇಳಿಬಿಡುತ್ತೇನೆ. ಹದಿನೈದು ವರ್ಷದ ಹಿಂದೆ ಇದೇ ಸಿನಿಮಾದ ಸಿಡಿ ಕಾಪಿ ಮಾಡಿ ನೆಂಟರಿಗೆಲ್ಲ ಹಂಚಿದ್ದೆ. ಆಗ ಹಕ್ಕು ಜೀವಂತ ಇತ್ತು. ಯಾರೂ ಕೇಳಲಿಲ್ಲ. ಈಗ ಹಕ್ಕು ಸತ್ತ ಮೇಲೆ ನಾನು ಕಳ್ಳ!

ಆಕ್ಷೇಪಣೆ ಬರೆದು ಕಳಿಸಿದ್ದೇನೆ. ಅಮ್ಮ ಬೆಳಗಿನಿಂದ ‘ಎಲ್ಲೋ ನನ್ನ ಚೆನ್ನಮ್ಮ?’ ಅಂತಿದ್ದಾರೆ. ಆ ಸಿಡಿ ಅಟ್ಟದ ಮೇಲಿದೆ. ಸಿಡಿ ಪ್ಲೇಯರ್ ಯಾರ ಮನೆಯಲ್ಲಾದರೂ ಇದೆಯಾ?