ತಪಾಸಣೆಯ ದಿನದ ಸೋಪು

ನನ್ನ ಚಿಕ್ಕಮ್ಮ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ಹದಿನಾಲ್ಕು ವರ್ಷ ಕಾಲರ್ ಹೊಲಿದರು. ವಿದೇಶಿ ಕಂಪನಿಯವರು ತಪಾಸಣೆಗೆ ಬರುವ ದಿನ ಶೌಚಾಲಯದಲ್ಲಿ ಸೋಪು ಇರುತ್ತಿತ್ತು, ಸೂಪರ್‌ವೈಸರ್ ಬಾಯಲ್ಲಿ ಬೈಗುಳ ಇರುತ್ತಿರಲಿಲ್ಲ. ಬಂದವರು ಕೇಳಿದರೆ ಏನು ಹೇಳಬೇಕೆಂದು ಹಿಂದಿನ ದಿನವೇ ಪಾಠವಾಗಿರುತ್ತಿತ್ತು. ಮರುದಿನ ಸೋಪು ಸ್ಟೋರ್ ರೂಮಿಗೆ ವಾಪಸ್. ಗಂಟೆಯ ಟಾರ್ಗೆಟ್ ಮುಗಿಯದೆ ನೀರು ಕುಡಿಯಲೂ ಏಳುವಂತಿರಲಿಲ್ಲ. ಕಂಪನಿಯ ನೀತಿ ಸಂಹಿತೆ ಮಾತ್ರ ಚೌಕಟ್ಟು ಹಾಕಿಸಿಕೊಂಡು ಗೋಡೆಯ ಮೇಲೆ ವರ್ಷವಿಡೀ ಇತ್ತು.

ಈಗ ನಾನಿರುವುದು ಜರ್ಮನಿಯಲ್ಲಿ. ಇಲ್ಲಿ ಐದು ಜನ ಕಾಯಂ ಕೆಲಸಗಾರರಿದ್ದರೂ ಸಾಕು, ತಮ್ಮದೊಂದು ಸಮಿತಿಯನ್ನು ಆರಿಸಿಕೊಳ್ಳಬಹುದು. ಪಾಳಿಯ ವೇಳೆ ಬದಲಿಸಲು ಮಾಲೀಕ ಆ ಸಮಿತಿಯ ಒಪ್ಪಿಗೆ ಪಡೆಯಬೇಕು. ಸಮಿತಿಯಲ್ಲಿರುವವರನ್ನು ಸುಲಭಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ತನ್ನ ನೆಲದಲ್ಲಿ ಇಷ್ಟು ಜಾಗರೂಕವಾದ ದೇಶ ಹೊರಗಿನಿಂದ ಬರುವ ಅಂಗಿಯ ವಿಷಯದಲ್ಲಿ ಬಹುಕಾಲ ಸರ್ಟಿಫಿಕೇಟನ್ನೇ ನಂಬಿತು. 2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಎಂಬ ಬಟ್ಟೆ ಕಾರ್ಖಾನೆ ಹೊತ್ತಿ ಉರಿದು 250ಕ್ಕೂ ಹೆಚ್ಚು ಜನ ಸತ್ತರು. ಅದರ ಮುಖ್ಯ ಗಿರಾಕಿ ಜರ್ಮನಿಯ ಕಂಪನಿ. ಕೆಲವೇ ವಾರಗಳ ಹಿಂದೆ ಆ ಕಾರ್ಖಾನೆಗೆ ಅಂತರರಾಷ್ಟ್ರೀಯ ಗುಣಮಟ್ಟದ ಪ್ರಮಾಣಪತ್ರ ಸಿಕ್ಕಿತ್ತು! ಸತ್ತವರ ಮನೆಯವರು ಆ ಕಂಪನಿಯ ವಿರುದ್ಧ ಜರ್ಮನಿಯ ಡಾರ್ಟ್‌ಮುಂಡ್‌ನ ನ್ಯಾಯಾಲಯಕ್ಕೆ ಬಂದರೆ, 2019ರಲ್ಲಿ ಕಾಲಮಿತಿ ಮೀರಿದೆ ಎಂದು ಮೊಕದ್ದಮೆ ವಜಾ ಆಯಿತು.

2023ರಿಂದ ಇಲ್ಲಿ ಪೂರೈಕೆ ಸರಪಳಿಗೆಂದೇ, ಅಂದರೆ ಸರಕು ಮಾಡಿಕೊಡುವ ಹೊರದೇಶದ ಕಾರ್ಖಾನೆಗಳ ಮೇಲೂ ದೊಡ್ಡ ಕಂಪನಿಗಳು ನಿಗಾ ಇಡಬೇಕೆನ್ನುವ ಕಾಯ್ದೆ ಬಂದಿದೆ. ಬೊಮ್ಮನಹಳ್ಳಿಯ ಹೆಂಗಸೂ ಇಲ್ಲಿನ ಸರ್ಕಾರಕ್ಕೆ ದೂರು ಕೊಡಬಹುದು. ಇದು ದೊಡ್ಡ ಹೆಜ್ಜೆಯೆಂದು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಈ ಕಾಯ್ದೆ ಮುರಿದದ್ದಕ್ಕಾಗಿ ಪರಿಹಾರ ಕೇಳುವ ಹಕ್ಕನ್ನು ಅದೇ ಕಾಯ್ದೆ ಅವಳಿಗೆ ಕೊಟ್ಟಿಲ್ಲ. ನನಗೆ ಇದನ್ನು ಸಹಿಸಲಾಗುವುದಿಲ್ಲ.

ನಮ್ಮ ಕಡೆ ಕಂಡದ್ದನ್ನು ಹೇಳಬೇಕು. 2020ರ ಏಪ್ರಿಲ್‌ನಲ್ಲಿ ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರಿಗೆ ಕನಿಷ್ಠ ವೇತನದ ಭಾಗವಾಗಿ ತಿಂಗಳಿಗೆ 417 ರೂಪಾಯಿಯಷ್ಟು ತುಟ್ಟಿಭತ್ಯೆ ಸೇರಬೇಕಿತ್ತು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಕೊಡಿ ಎಂದ ಮೇಲೂ ಮಾಲೀಕರು ಕೊಡಲಿಲ್ಲ. ಕಾನೂನಿನ ಕನಿಷ್ಠ ವೇತನ ಕೊಡುತ್ತೇವೆ ಎನ್ನುವುದು ಕಂಪನಿಗಳ ನೀತಿ ಸಂಹಿತೆಗಳಲ್ಲಿ ಸಾಮಾನ್ಯವಾಗಿ ಇರುವ ಮಾತು. ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರ ಕಣ್ಣೆದುರೇ ಅದು ಮುರಿದಿತ್ತು. ಕಾರ್ಮಿಕ ಸಂಘ ಪಟ್ಟು ಬಿಡದೆ, ಒತ್ತಡ ವಿದೇಶಿ ಗಿರಾಕಿಗಳವರೆಗೆ ಮುಟ್ಟಿದ ಮೇಲೆ, 2022ರಲ್ಲಿ ಬಾಕಿ ಬರತೊಡಗಿತು.

ಹಾಗಾಗಿ ಇಲ್ಲಿನ ಗೆಳೆಯರು ಯಾವ ಪ್ರಮಾಣಪತ್ರದ ಮುದ್ರೆಯಿರುವ ಬಟ್ಟೆ ಕೊಳ್ಳಬೇಕು ಎಂದು ಕೇಳಿದಾಗ, ಹೊಲಿದ ಕಾರ್ಖಾನೆಯಲ್ಲಿ ಸಂಘ ಇದೆಯೇ ಎಂದು ಕಂಪನಿಗೆ ಬರೆದು ಕೇಳಿ ಎನ್ನುತ್ತೇನೆ. ಚಿಕ್ಕಮ್ಮನ ಕಾರ್ಖಾನೆಯಲ್ಲಿ ಇರಲಿಲ್ಲ. ಕಟ್ಟಲು ಹೊರಟ ಇಬ್ಬರು ಹುಡುಗಿಯರನ್ನು ಮರುವಾರವೇ ಗೇಟಿನಲ್ಲಿ ತಡೆದಿದ್ದರು.