ಹಡಗು ಬಂದಳು, ಹೆಂಗಸು ಬರಲಿಲ್ಲ

ಕನ್ನಡದಲ್ಲಿ ಹಡಗು ಬರುತ್ತದೆ, ಹೋಗುತ್ತದೆ, ಗ್ರಹಚಾರ ಕೆಟ್ಟರೆ ಮುಳುಗುತ್ತದೆ. ‘ಹಡಗು ಬಂದಳು’ ಅಂತ ನಾವ್ಯಾರೂ ಹೇಳುವುದಿಲ್ಲ. ಇಂಗ್ಲಿಷಿನವರು ಮಾತ್ರ ಶತಮಾನಗಳಿಂದ ಹಡಗನ್ನು ‘ಅವಳು’ ಎಂದೇ ಕರೆಯುತ್ತ ಬಂದರು. ಲಂಡನ್ನಿನ ಹಡಗು ಪತ್ರಿಕೆ ಲಾಯ್ಡ್ಸ್ ಲಿಸ್ಟ್ 2002ರಲ್ಲಿ ‘ಇನ್ನು ಮೇಲೆ ನಮಗೆ ಹಡಗು ಅಂದರೆ ಅದು’ ಎಂದಿತು. ಅಷ್ಟಕ್ಕೇ ದೊಡ್ಡ ಸುದ್ದಿಯಾಯಿತು.

ಹಡಗಿಗೆ ಇಷ್ಟು ಮರ್ಯಾದೆ ಕೊಟ್ಟ ನಾವಿಕರೇ, ನಿಜವಾದ ಹೆಂಗಸು ಹಡಗು ಹತ್ತಿದರೆ ಅಪಶಕುನ ಅಂತಲೂ ನಂಬಿದ್ದರು. ಹಡಗಿನ ಮೂತಿಗೆ ಕೆತ್ತಿದ ಮರದ ಹೆಂಗಸು ಶುಭ. ಜೀವ ಇರುವ ಹೆಂಗಸು ಅಶುಭ. ಮರದವಳು ಸಂಬಳ ಕೇಳುವುದಿಲ್ಲ, ಅಲ್ವಾ?

ಬಿರುಗಾಳಿಗಳ ವಿಷಯದಲ್ಲಂತೂ ಧಾರಾಳವೋ ಧಾರಾಳ. ಅಮೆರಿಕದ ಹವಾಮಾನದವರು 1953ರಿಂದ ಚಂಡಮಾರುತಗಳಿಗೆ ಬರೀ ಹೆಂಗಸರ ಹೆಸರು ಇಡತೊಡಗಿದರು. ಮನೆ ಹಾರಿಸುವುದು, ಮರ ಕೀಳುವುದು, ಊರು ಮುಳುಗಿಸುವುದು, ಎಲ್ಲದಕ್ಕೂ ನೂರಕ್ಕೆ ನೂರು ಮಹಿಳಾ ಮೀಸಲಾತಿ. ರಾಕ್ಸಿ ಬೋಲ್ಟನ್ ಎಂಬ ಹೋರಾಟಗಾರ್ತಿ ಇದಕ್ಕೆ ತಕರಾರು ತೆಗೆದರು. ಹೆಸರು ಇಡಿಸಿಕೊಳ್ಳುವ ಆಸೆ ಸೆನೆಟರುಗಳಿಗೇ ಜಾಸ್ತಿ, ಅವರ ಹೆಸರನ್ನೇ ಇಡಿ ಎಂದು ಸಲಹೆಯನ್ನೂ ಕೊಟ್ಟರು. ಸೆನೆಟರುಗಳ ಹೆಸರೇನೂ ಬರಲಿಲ್ಲ. ಆದರೆ ಅಟ್ಲಾಂಟಿಕ್ ಸಾಗರದ ಪಟ್ಟಿಯಲ್ಲಿ 1979ರಿಂದ ಗಂಡು ಬಿರುಗಾಳಿಗಳೂ ಬೀಸತೊಡಗಿದವು. ಕಡಲಿನ ವ್ಯವಹಾರದಲ್ಲಿ ಲಿಂಗ ಸಮಾನತೆ ಪೂರ್ತಿಯಾಗಿ ಬಂದಿರುವುದು ನನಗೆ ಗೊತ್ತಿರುವ ಮಟ್ಟಿಗೆ ಇದೊಂದರಲ್ಲೇ.

ನ್ಯಾಯದ ಕಡೆ ನೋಡೋಣ ಅಂದರೆ, ಕಡಲಿನ ಜಗಳ ಬಿಡಿಸಲು ಹ್ಯಾಂಬರ್ಗಿನಲ್ಲಿ ಒಂದು ಅಂತರರಾಷ್ಟ್ರೀಯ ನ್ಯಾಯಮಂಡಳಿ ಇದೆ. 1996ರಲ್ಲಿ ಶುರುವಾಯಿತು. ಇಪ್ಪತ್ತೊಂದು ನ್ಯಾಯಾಧೀಶರು. ಮೊದಲ ಮಹಿಳೆ, ಅರ್ಜೆಂಟೀನಾದ ಎಲ್ಸಾ ಕೆಲ್ಲಿ, ಆಯ್ಕೆಯಾಗಿದ್ದು 2011ರಲ್ಲಿ. ಹದಿನೈದು ವರ್ಷ ಹುಡುಕಿದರೇನೋ ಪಾಪ. ಭೂಮಿಯ ಮುಕ್ಕಾಲು ಪಾಲು ನೀರು ನೋಡಿ, ಹುಡುಕಲು ಟೈಮ್ ಬೇಕು.

ಅದೆಲ್ಲ ಹಳೇ ಕಥೆ, ಈಗ ಕಾಲ ಬದಲಾಗಿದೆ ಅಂತೀರಾ? ಬದಲಾಗಿದೆ. ಈಗ ದಿನಾಚರಣೆ ಇದೆ. 2019ರ ಜೂನ್ 8ರಂದು ವಿಶ್ವಸಂಸ್ಥೆ ಆಚರಿಸಿದ ಸಾಗರ ದಿನದ ವಿಷಯವೇ ‘ಲಿಂಗ ಮತ್ತು ಸಾಗರ’. 2020ರಲ್ಲಿ ವಿಷಯ ಬದಲಾಗಿ ‘ನಾವೀನ್ಯತೆ’ ಬಂತು. ಮಹಿಳೆಯರ ಕೆಲಸ ಹನ್ನೆರಡು ತಿಂಗಳಲ್ಲಿ ಮುಗಿಯಿತು ಅಂತ ಕಾಣುತ್ತದೆ. ಮುಗಿದಿಲ್ಲ ಅನ್ನುವವರಿಗಾಗಿ 2022ರಿಂದ ಮೇ 18ನ್ನು ‘ಕಡಲ ವೃತ್ತಿಯ ಮಹಿಳೆಯರ ದಿನ’ ಮಾಡಿದ್ದಾರೆ. ಹಡಗು ಕಂಪನಿಗಳ ಸಂಘಟನೆಗಳೇ 2021ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಜಗತ್ತಿನ ವಾಣಿಜ್ಯ ಹಡಗುಗಳಲ್ಲಿ ದುಡಿಯುವವರಲ್ಲಿ ಮಹಿಳೆಯರು ಶೇ. 1.28. ಅಂದರೆ ನೂರು ಜನರಲ್ಲಿ ಒಬ್ಬಳು, ಮೇಲೆ ಸ್ವಲ್ಪ ಚಿಲ್ಲರೆ. ಆ ಒಬ್ಬಳಿಗೂ ಎಷ್ಟೋ ಕಡೆ ಕೊಡುವ ಸುರಕ್ಷತಾ ಉಡುಪು ಗಂಡಸಿನ ಅಳತೆಯದ್ದು. ತೋಳು ಮಡಚಿಕೊಂಡು ಜೀವ ಉಳಿಸಿಕೊಳ್ಳಬೇಕು.

ಇನ್ನು ಮೀನು. ಇಲ್ಲಿ ಸ್ವಲ್ಪ ಕೂತು ಮಾತಾಡಬೇಕು.

ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಯ 2024ರ ವರದಿ ಹೇಳುವಂತೆ, ಮೀನು ಹಿಡಿಯುವವರು, ಸಾಕುವವರಲ್ಲಿ ಮಹಿಳೆಯರು ಶೇ. 24. ಮೀನು ಸಂಸ್ಕರಣೆಯಲ್ಲಿ, ಅಂದರೆ ಕೊಯ್ಯುವ, ತೊಳೆಯುವ, ಉಪ್ಪು ಹಾಕುವ, ಒಣಗಿಸುವ ಜಾಗದಲ್ಲಿ ಶೇ. 62. ವಾಸನೆ ಎಲ್ಲಿ ಜಾಸ್ತಿಯೋ ಅಲ್ಲಿ ಸಮಾನತೆ ತಾನಾಗಿಯೇ ಗುರಿ ದಾಟಿ ಹೋಗಿದೆ. ಯಾರೂ ಭಾಷಣ ಮಾಡಬೇಕಾಗಲಿಲ್ಲ.

ಹಿಡಿಯುವವರ ಆ ಲೆಕ್ಕವೂ ಒಂದು ಮಜಾ. ಜಗತ್ತಿನ ಎಷ್ಟೋ ಕರಾವಳಿಗಳಲ್ಲಿ ನೀರು ಇಳಿದಾಗ ಹೆಂಗಸರು ಬುಟ್ಟಿ ಹಿಡಿದು ಬಂಡೆ, ಕೆಸರು, ಹವಳದ ದಿಬ್ಬಗಳ ಮೇಲೆ ನಡೆಯುತ್ತಾರೆ. ಚಿಪ್ಪು, ಏಡಿ, ಆಕ್ಟೋಪಸ್ ಹುಡುಕಿ ತರುತ್ತಾರೆ. ಮನೆಯವರು ಅದನ್ನೇ ಉಣ್ಣುತ್ತಾರೆ. ಲೆಕ್ಕ ಬರೆಯುವವನು ಬರುತ್ತಾನೆ ಅಂದುಕೊಳ್ಳಿ.

‘ದೋಣಿ ಇದೆಯಾ ಅಮ್ಮಾ?’

‘ಇಲ್ಲ.’

‘ಎಂಜಿನ್?’

‘ದೋಣಿಯೇ ಇಲ್ಲ ಸ್ವಾಮಿ.’

‘ಮತ್ತೆ ಹೇಗೆ ಹೋಗ್ತೀರಿ?’

‘ನಡಕೊಂಡು.’

ಅವನು ಪೆನ್ನು ಎತ್ತಿ ಯೋಚಿಸುತ್ತಾನೆ. ಫಾರಂನಲ್ಲಿ ‘ನಡಕೊಂಡು’ ಅನ್ನುವ ಕಾಲಂ ಇಲ್ಲ. ‘ಮನೆಗೆಲಸ’ ಅಂತ ಬರೆದು ಮುಂದಿನ ಮನೆಗೆ ಹೋಗುತ್ತಾನೆ. ದೋಣಿಯಲ್ಲಿ ಹೋಗಿ ಬರಿಗೈಲಿ ಬಂದ ಗಂಡ ಮೀನುಗಾರ. ಬುಟ್ಟಿ ತುಂಬಿಸಿಕೊಂಡು ಬಂದ ಹೆಂಡತಿ ಗೃಹಿಣಿ.

ಪಟ್ಟಿಯಲ್ಲಿ ಹೆಸರಿಲ್ಲದ ಮೇಲೆ ಸಬ್ಸಿಡಿ ಎಲ್ಲಿಂದ? ಜಗತ್ತಿನ ಸರ್ಕಾರಗಳು ಮೀನುಗಾರಿಕೆಗೆ ಕೊಡುವ ಸಹಾಯಧನದಲ್ಲಿ ದೊಡ್ಡ ಪಾಲು ಹೋಗುವುದು ಇಂಧನಕ್ಕೆ. ಬುಟ್ಟಿಗೆ ಡೀಸೆಲ್ ಹಾಕಲು ಬರುವುದಿಲ್ಲವಲ್ಲ, ಅವರಾದರೂ ಏನು ಮಾಡಿಯಾರು. ಆಮೇಲೆ ಒಂದು ದಿನ ಸಂರಕ್ಷಣೆಯವರು ಬರುತ್ತಾರೆ. ಯಾವ ಜಾಗಕ್ಕೆ ನಿಷೇಧ ಹಾಕುವುದು ಅಂತ ಲೆಕ್ಕದ ಪುಸ್ತಕ ತೆಗೆಯುತ್ತಾರೆ. ದೋಣಿ ಓಡುವ ಜಾಗ ಬೇಡ, ಜಗಳ ಆಗುತ್ತದೆ. ದಡದ ಪಕ್ಕದ ದಿಬ್ಬ? ಪುಸ್ತಕದ ಪ್ರಕಾರ ಅಲ್ಲಿ ಯಾರೂ ಮೀನು ಹಿಡಿಯುವುದಿಲ್ಲ. ಯಾರಿಗೂ ನಷ್ಟವಿಲ್ಲ. ಹಾಕಿ ಬೋರ್ಡು.

ಇಷ್ಟಾದ ಮೇಲೆ ‘ನೀಲಿ ಆರ್ಥಿಕತೆಯಲ್ಲಿ ಮಹಿಳೆಯರ ಪಾತ್ರ’ ಕುರಿತು ಸಮಾಲೋಚನಾ ಸಭೆ ನಡೆಯುತ್ತದೆ. ನೀಲಿ ಆರ್ಥಿಕತೆ ಅಂದರೆ ಕಡಲನ್ನು ನಂಬಿದ ದುಡಿಮೆ, ವ್ಯಾಪಾರ. ಸಭೆ ನಡೆಯಲೇಬೇಕು, ಯೋಜನೆಯಲ್ಲಿ ಅದಕ್ಕೂ ದುಡ್ಡು ಇಟ್ಟಿರುತ್ತಾರೆ. ವೇದಿಕೆಯ ಮೇಲೆ ಐದು ಗಂಡಸರು. ದೀಪ ಹಚ್ಚಲು, ಹೂಗುಚ್ಛ ಕೊಡಲು ಮಹಿಳೆಯರಿಗೆ ಸಮಾನ ಅವಕಾಶ. ಸಭೆಯ ಹೊತ್ತು ಬೆಳಿಗ್ಗೆ 11 ಗಂಟೆ. ಕಡಲಿನ ಇಳಿತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತಿರುತ್ತದೆ. ಚಂದ್ರನನ್ನು ಕೇಳಿಕೊಂಡು ನಡೆಯುವ ವ್ಯವಹಾರ ಅದು. ಸಭೆಗೆ ಆ ತೊಂದರೆ ಇಲ್ಲ, ಅದು ಯಾವತ್ತೂ 11ಕ್ಕೇ.

ಆವತ್ತು ನೀರು ಇಳಿದದ್ದೂ 11ಕ್ಕೇ. ಹೆಂಗಸರು ಬುಟ್ಟಿ ತಗೊಂಡು, ಬೋರ್ಡು ಇಲ್ಲದ ಕಡೆ ಹುಡುಕಿಕೊಂಡು ಹೋದರು.

ಸಭೆಯ ವರದಿ ಚೆನ್ನಾಗಿ ಬಂತು. ಕೊನೆಯ ಪುಟದಲ್ಲಿ ಹೀಗಿತ್ತು: ‘ಮಹಿಳೆಯರಲ್ಲಿ ಆಸಕ್ತಿ ಕಡಿಮೆ ಇರುವುದು ಕಂಡುಬಂದಿದೆ. ಜಾಗೃತಿ ಶಿಬಿರ ಅಗತ್ಯ. ಸಮಯ: ಬೆಳಿಗ್ಗೆ 11.’